ಧ್ವನಿಪುಸ್ತಕ ಸಾಧನದ ಕೈಪಿಡಿ: ಬ್ಯಾಟರಿ, ಸೆಲ್, ಚಾರ್ಜ್ ಪದಗಳ ಬಳಕೆ

ಮಾನ್ಯರೇ,

ದೃಷ್ಟಿದೋಷವುಳ್ಳವರು ಪುಸ್ತಕ ಕೇಳಲು ಬಳಸುವ, ಅಂಗೈಯಲ್ಲಿ ಹಿಡಿಯಬಹುದಾದ ಡೈಸಿ ಪ್ಲೇಯರ್‌ಗಳಿಗೆ ಕನ್ನಡದಲ್ಲಿ ಧ್ವನಿ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕೇಳುಗರು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯವರು. ಹಲವರ ಮನೆಮಾತು ಕೊಡವ ತಕ್ಕ್ ಅಥವಾ ಅರೆಭಾಷೆ, ಓದಿದ್ದು ಕನ್ನಡದಲ್ಲಿ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿರುವುದು ಇಲ್ಲಿ ಮಾಮೂಲು. ಹಾಗಾಗಿ ಸಾಧನಕ್ಕೆ ಯಾವ ಯಾವ ರೀತಿಯಲ್ಲಿ ವಿದ್ಯುತ್ ಒದಗಿಸಬಹುದೆಂದು ತಿಳಿಸುವ ಅಧ್ಯಾಯವೇ ಇದರಲ್ಲಿ ಮುಖ್ಯ. ಪದಗಳ ತೊಡಕೂ ಅಲ್ಲಿಯೇ.

ಮೊದಲನೆಯದು ‘ಬ್ಯಾಟರಿ’. ಹಳ್ಳಿಗಳಲ್ಲಿ ಬ್ಯಾಟರಿಯೆಂದರೆ ಟಾರ್ಚು. ‘ಬ್ಯಾಟರಿ ತೆಗೆದಿಡಿ’ ಎಂದರೆ ಹಿರಿಯರು ಗೋಡೆಯ ಮೊಳೆಗೆ ತೂಗುಹಾಕಿದ ಟಾರ್ಚಿಗೆ ಕೈಹಾಕುತ್ತಾರೆ. ಟಾರ್ಚಿನೊಳಗೆ ಹಾಕುವುದು ‘ಸೆಲ್’. ಆದರೆ ಸಾಧನದೊಳಗೇ ಕೂತಿರುವ ಚಪ್ಪಟೆ ಲಿಥಿಯಂ ಬ್ಯಾಟರಿಯನ್ನು ಯಾರೂ ಸೆಲ್ ಎನ್ನುವುದಿಲ್ಲ. ಮೊಬೈಲಿನ ಬಳಕೆಯಿಂದ ಅದು ಬ್ಯಾಟರಿಯೆಂದೇ ರೂಢಿಯಾಗಿದೆ. ಬಿಡಿಯಾಗಿ ಅಂಗಡಿಯಲ್ಲಿ ಕೊಳ್ಳುವುದಕ್ಕೆ ‘ಸೆಲ್’, ಒಳಗಿರುವುದಕ್ಕೆ ‘ಮೆಷಿನ್ನಿನ ಬ್ಯಾಟರಿ’ ಎಂದು ಬೇರ್ಪಡಿಸುವುದು ನನಗೆ ಸರಿಯೆನಿಸಿದೆ. ಪಠ್ಯಪುಸ್ತಕದ ‘ವಿದ್ಯುತ್ಕೋಶ’ ಕಾಗದದ ಮೇಲೆ ಸ್ಪಷ್ಟವಾದ ಪದವೇ ಹೌದು, ಆದರೆ ಕಿವಿಯಿಂದ ಮಾತ್ರ ಕಲಿಯುವವರಿಗೆ ಆ ಒತ್ತಕ್ಷರ ಅನಗತ್ಯ ಅಡ್ಡಿಯಾಗುತ್ತದೆ.

ಎರಡನೆಯದು ಇನ್ನೂ ಗಂಭೀರ. ‘ರೀಚಾರ್ಜ್’ ಎಂದರೆ ಇಂದು ಮೊಬೈಲಿಗೆ ಹಣ ಕಟ್ಟುವುದು. ‘ಚಾರ್ಜ್’ ಎಂಬುದಕ್ಕೆ ಬಸ್ಸಿನ ದರವೆಂಬ ಅರ್ಥವೂ ಇದೆ. ‘ರೀಚಾರ್ಜ್ ಮಾಡಬಲ್ಲ ಸೆಲ್’ ಎಂದು ಕೇಳಿದವರು ಯಾರಿಗೆ ದುಡ್ಡು ಕಟ್ಟಬೇಕೆಂದು ಯೋಚಿಸಿದರೆ ಅದು ಅವರ ತಪ್ಪಲ್ಲ. ‘ಮರುಪೂರಣ’ ಎಂದರೆ ನಮ್ಮವರಿಗೆ ನೆನಪಾಗುವುದು ಕೊಳವೆಬಾವಿ. ಹೀಗಾಗಿ ‘ಚಾರ್ಜಿಗೆ ಹಾಕುವ ಸೆಲ್’, ‘ಚಾರ್ಜಿಗೆ ಹಾಕಬಾರದ ಸೆಲ್’ ಎಂಬ ಜೋಡಿಯನ್ನು ಬಳಸಿದ್ದೇನೆ. ಇಲ್ಲಿ ಸ್ಪಷ್ಟತೆ ಬೇಕೇ ಬೇಕು: ಎರಡರ ಗಾತ್ರವೂ ಒಂದೇ, ಮುಟ್ಟಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಮೈಮೇಲಿನ ಅಕ್ಷರ ಓದಲಾಗದವರು ಸಾಮಾನ್ಯ ಆಲ್ಕಲೈನ್ ಸೆಲ್ಲನ್ನು ಚಾರ್ಜರಿಗೆ ಹಾಕಿದರೆ ಅದು ಸೋರಬಹುದು, ಸಿಡಿಯಲೂಬಹುದು. ಆಲ್ಕಲೈನ್ ಸೆಲ್ಲಿನ ವೋಲ್ಟೇಜು 1.5, ಚಾರ್ಜಿಗೆ ಹಾಕುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನದು 1.2, ಇವೆರಡನ್ನು ಬೆರೆಸಿ ಹಾಕಬಾರದೆಂಬ ಎಚ್ಚರಿಕೆಯೂ ಅದೇ ವಾಕ್ಯದ ಜೊತೆ ಬರಬೇಕು.

‘ಪವರ್’ ಎಂಬ ಪದವನ್ನು ಪೂರ್ತಿ ಕೈಬಿಟ್ಟಿದ್ದೇನೆ, ಏಕೆಂದರೆ ಕಣ್ಣಾಸ್ಪತ್ರೆಗೆ ಅಲೆದವರಿಗೆ ಅದು ಕನ್ನಡಕದ ಲೆಕ್ಕ. ‘ಪವರ್ ಬ್ಯಾಂಕ್’ ಮಾತ್ರ ಉಳಿಯಿತು. ಅಂಗಡಿಯಲ್ಲಿ ಬೇರೆ ಹೆಸರು ಹೇಳಿದರೆ ಸಿಗುವುದಿಲ್ಲ. ಸಾಧನ ಎಳೆದುಕೊಳ್ಳುವ ವಿದ್ಯುತ್ ತೀರ ಕಡಿಮೆಯಾದಾಗ ಕೆಲವು ಪವರ್ ಬ್ಯಾಂಕುಗಳು ತಾವಾಗಿಯೇ ನಿಂತುಬಿಡುತ್ತವೆ. ಇದನ್ನು ‘ಆಫ್ ಆಗುತ್ತದೆ’ ಎಂದರೆ ಕೆಟ್ಟಿತೆಂದು ಭಾವಿಸಬಹುದು, ‘ಮಲಗುತ್ತದೆ’ ಎಂದರೆ ಹೆಚ್ಚು ಹತ್ತಿರವಾದೀತೇ ಎಂದು ಯೋಚಿಸುತ್ತಿದ್ದೇನೆ.

ಸೆಲ್ ಕೂರಿಸುವ ವಾಕ್ಯದಲ್ಲಿ ‘ಧನಾಗ್ರ, ಋಣಾಗ್ರ’ಗಳನ್ನಾಗಲಿ ‘ಪ್ಲಸ್, ಮೈನಸ್’ಗಳನ್ನಾಗಲಿ ಬಳಸದೆ, ಬೆರಳಿಗೆ ಸಿಗುವುದನ್ನೇ ಹೇಳಿದ್ದೇನೆ: ‘ಸೆಲ್ಲಿನ ಒಂದು ತುದಿ ಉಬ್ಬಿದೆ, ಇನ್ನೊಂದು ಚಪ್ಪಟೆಯಾಗಿದೆ. ಸ್ಪ್ರಿಂಗ್ ಇರುವ ಕಡೆಗೆ ಚಪ್ಪಟೆ ತುದಿ ಬರಲಿ.’

ಇನ್ನು ಬಗೆಹರಿಯದಿರುವುದು, ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆಂದು ತಿಳಿಸುವ ಅಳತೆಯಾದ ‘ಮಿಲಿಆಂಪಿಯರ್ ಅವರ್’. ಇದನ್ನು ಯಂತ್ರಧ್ವನಿ ಓದಿದಾಗ ‘ಅವರ್’ ಎಂಬುದು ‘ಅವರ’ ಎಂದೇ ಕೇಳಿಸಿ ವಾಕ್ಯ ಕೆಡುತ್ತದೆ. ‘ಮಿಲಿಆಂಪಿಯರ್ ಗಂಟೆ’ ಎನ್ನಬಹುದೇ, ಅಥವಾ ಅಂಗಡಿಯವರಂತೆ ‘ಎಂಎಎಚ್’ ಎಂದೇ ಬಿಡಬೇಕೇ? ಹಾಗೆಯೇ ಬ್ಯಾಟರಿ ಮುಗಿಯುತ್ತ ಬಂದಾಗ ಭಾಗಮಂಡಲ, ನಾಪೋಕ್ಲು ಕಡೆಯ ಹಿರಿಯರು ‘ಚಾರ್ಜ್ ಇಳಿದಿದೆ’ ಎನ್ನುತ್ತಾರೆಯೇ, ‘ಖಾಲಿಯಾಗುತ್ತಿದೆ’ ಎನ್ನುತ್ತಾರೆಯೇ ಎಂಬುದನ್ನು ಆ ಭಾಗದ ಸದಸ್ಯರು ದಯವಿಟ್ಟು ತಿಳಿಸಬೇಕು. ಸಾಧನ ಈ ಎಚ್ಚರಿಕೆಯನ್ನು ಪುಸ್ತಕದ ನಡುವೆ ಒಮ್ಮೆ ಮಾತ್ರ ನುಡಿಯುವುದರಿಂದ ಮೊದಲ ಬಾರಿಗೇ ಅರ್ಥವಾಗುವ ರೂಪ ಬೇಕಾಗಿದೆ.