ಪದಚರ್ಚೆ: ಪಿಸಿವಿಯ ‘ಪಾಸಿಟಿವ್’ಗೆ ಏನನ್ನೋಣ?

ಬಳಗದವರಿಗೆ ನಮಸ್ಕಾರ.

ಐಟಿಐ ಹುಡುಗರಿಗಾಗಿ ಬರೆದ ಪೆಟ್ರೋಲ್ ಎಂಜಿನ್ ಪಾಠವೊಂದು ತಿದ್ದಲು ಬಂದಿದೆ. ಎಂಜಿನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನಿಂದ ಹೊಗೆ ಎಳೆಯುವ ಏರ್ಪಾಡು ‘ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್’, ಅಂದರೆ ಗ್ಯಾರೇಜಿನವರ ಪಿಸಿವಿ, ಪಾಠದಲ್ಲಿ ‘ಧನಾತ್ಮಕ ಕ್ರ್ಯಾಂಕ್‌ಕೇಸ್ ವಾತಾಯನ’ ಆಗಿದೆ. ಓದಿದ ಹುಡುಗ ಕ್ರ್ಯಾಂಕ್‌ಕೇಸಿನೊಳಗೆ ಒತ್ತಡ ಹೆಚ್ಚಿರಬೇಕು ಅಂದುಕೊಂಡರೆ ಆಶ್ಚರ್ಯವಿಲ್ಲ. ನಿಜಕ್ಕೂ ಅಲ್ಲಿ ಒತ್ತಡ ಹೊರಗಿನ ಗಾಳಿಗಿಂತ ತುಸು ಕಡಿಮೆಯೇ ಇರಬೇಕು.

ಪಿಸ್ಟನ್ ರಿಂಗು ಎಷ್ಟೇ ಹೊಸದಿರಲಿ, ಉರಿದ ಅನಿಲ, ನೀರಾವಿ, ಒಂದಿಷ್ಟು ಉರಿಯದ ಪೆಟ್ರೋಲ್ ಆವಿ ಸಂದಿಯಿಂದ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳುತ್ತವೆ. ಅಲ್ಲೇ ಉಳಿದರೆ ಆಯಿಲ್ ಕೆಟ್ಟು ಕೆಸರಾಗುತ್ತದೆ. ಒತ್ತಡ ಏರಿದರೆ ಸೀಲು ಜಿನುಗುತ್ತದೆ, ಕೆಲವೊಮ್ಮೆ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕೇ ಎದ್ದು ಬರುತ್ತದೆ. ಹಳೇ ಕಾರುಗಳಲ್ಲಿ ಇದಕ್ಕೆಂದು ನೆಲದ ಕಡೆ ಬಾಯಿ ಮಾಡಿದ ಕೊಳವೆಯೊಂದಿರುತ್ತಿತ್ತು. ಗಾಡಿ ಓಡುವಾಗ ಅಡಿಯಲ್ಲಿ ಬೀಸುವ ಗಾಳಿಯೇ ಹೊಗೆಯನ್ನು ಎಳೆದು ರಸ್ತೆಗೆ ಬಿಡಬೇಕು. ಗಾಡಿ ನಿಂತರೆ ಎಳೆತವೂ ನಿಂತಂತೆ. ಲಾಸ್ ಏಂಜಲೀಸಿನ ಹೊಗೆಮಂಜಿನ ಕಾಟಕ್ಕೆ 1961ರ ಮಾದರಿಯಿಂದ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ, 1963ರ ಮಾದರಿಯಿಂದ ಅಮೆರಿಕದ ಉಳಿದ ಕಡೆಗೂ ಪಿಸಿವಿ ಬಂತು. ಇದರಲ್ಲಿ ಎಳೆಯುವುದು ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡಿನ ನಿರ್ವಾತ. ಗಾಡಿ ಸಿಗ್ನಲ್ಲಿನಲ್ಲಿ ನಿಂತಿದ್ದರೂ ಹೊಗೆ ಸಿಲಿಂಡರಿಗೇ ಮರಳಿ ಉರಿದುಹೋಗುತ್ತದೆ. ‘ಪಾಸಿಟಿವ್’ ಹೇಳುವುದು ಈ ಖಾತ್ರಿಯನ್ನು. ಹಾಗಾಗಿ ‘ಹೀರು ಗಾಳಿಯಾಟ’ ಆದೀತೇ? ‘ಬಲವಂತದ ವಾತಾಯನ’ ಎಂದೂ ಒಬ್ಬರು ಸೂಚಿಸಿದ್ದಾರೆ. ನನಗೆ ಅದು ಫ್ಯಾನ್ ಕೂರಿಸಿದ ಹಾಗೆ ಕೇಳಿಸುತ್ತದೆ.

‘ಬ್ರೀದರ್’ಗೆ ‘ಉಸಿರುಕೊಳವೆ’ ಎಂಬುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಐಡಲಿನಲ್ಲಿ ಏರ್ ಕ್ಲೀನರ್ ಕಡೆಯಿಂದ ಶುದ್ಧ ಗಾಳಿ ಈ ಕೊಳವೆಯಲ್ಲೇ ಒಳಬರುತ್ತದೆ. ಆಕ್ಸಿಲರೇಟರ್ ಪೂರ್ತಿ ಅದುಮಿದಾಗ ಮ್ಯಾನಿಫೋಲ್ಡಿನ ನಿರ್ವಾತ ಕುಗ್ಗಿ, ನುಸುಳುವ ಅನಿಲ ಹೆಚ್ಚಿ, ಅದೇ ದಾರಿಯಲ್ಲಿ ಹೊಗೆ ಹೊರಕ್ಕೆ ಹರಿಯುತ್ತದೆ. ಒಳಗೂ ಹೊರಗೂ ಆಡುವುದಕ್ಕೆ ಉಸಿರು ಅನ್ನದೆ ಇನ್ನೇನನ್ನೋಣ!

ತೊಡಕಿರುವುದು ‘ಬ್ಲೋ-ಬೈ’, ಅಂದರೆ ರಿಂಗು ದಾಟಿ ನುಸುಳುವ ಆ ಅನಿಲದ ಬಳಿ. ಪಾಠದಲ್ಲಿರುವ ‘ಸೋರಿಕೆ’ ನಡೆಯದು, ಆಯಿಲ್ ಸೋರುವುದೂ ಅದೇ ಪುಟದಲ್ಲಿದೆ. ಮೆಕ್ಯಾನಿಕ್‌ಗಳು ‘ಬ್ಯಾಕ್ ಕಂಪ್ರೆಶನ್ ಹೊಡೀತಿದೆ’ ಅನ್ನುತ್ತಾರೆ. ಆದರೆ ಆ ಮಾತು ರಿಂಗು ಸವೆದು ಆಯಿಲ್ ಕ್ಯಾಪಿನಲ್ಲಿ ಹೊಗೆ ಉಗುಳುವ ಎಂಜಿನ್‌ಗೆ ಸಲ್ಲುತ್ತದೆ. ಆರೋಗ್ಯವಾಗಿರುವ ಎಂಜಿನ್ನಿನಲ್ಲೂ ಇರುವ ಅಲ್ಪಸ್ವಲ್ಪಕ್ಕೆ ಯಾರೂ ಹಾಗನ್ನುವುದಿಲ್ಲ. ಎರಡಕ್ಕೂ ಹೊಂದುವಂತೆ ‘ನುಸುಳನಿಲ’ ಎಂದು ಬರೆದು, ರೋಗಕ್ಕೆ ಗ್ಯಾರೇಜಿನ ಮಾತನ್ನೇ ಉಳಿಸೋಣ ಅಂತಿದ್ದೇನೆ.

ಕ್ರ್ಯಾಂಕ್‌ಕೇಸನ್ನು ಹಾಗೇ ಬಿಡುವೆ. ಅದಕ್ಕೆ ಗ್ಯಾರೇಜಿನ ‘ಚೇಂಬರ್’ ಆಗದು, ಹಾಗೆಂದರೆ ನಮ್ಮಲ್ಲಿ ಕೆಳಗಿನ ಆಯಿಲ್ ತಟ್ಟೆ ಮಾತ್ರ. ಹುಬ್ಬಳ್ಳಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲೂ ಹೀಗೆಯೇ, ಅಥವಾ ಬೇರೆ ಮಾತು ಉಂಟೇ? ತಿಳಿದವರು ದಯವಿಟ್ಟು ಬರೆಯಿರಿ.