ಬೇಸ್‌ಮೆಂಟ್ ವೈರಿಂಗ್: ಸ್ಟೇಪಲ್ ಎಲ್ಲಿ ಹೊಡೆಯಬೇಕು, ಕ್ಲ್ಯಾಂಪ್ ಎಲ್ಲಿ ಬೇಕು? ಮಾಡಿದವರು ಹೇಳಿ

ಎಡಿಸನ್ ಹೊಸಮನೆ

ನಮಸ್ಕಾರ. ನ್ಯೂಜೆರ್ಸಿಯ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಅಪ್ಪ ಅಮ್ಮ ಬಂದಾಗ ಇರಲೆಂದು ಒಂದು ಕೋಣೆ ಮಾಡುತ್ತಿದ್ದೇನೆ. ಪರ್ಮಿಟ್ ನನ್ನ ಹೆಸರಿನಲ್ಲಿದೆ, ವೈರಿಂಗ್ ನಾನೇ ಮಾಡುತ್ತಿದ್ದೇನೆ. ಸ್ಟಡ್‌ಗಳು (ಗೋಡೆಯ ಮರದ ಕಂಬಗಳು) ನಿಂತಿವೆ, ಕೇಬಲ್ ಎಳೆದಾಗಿದೆ. ಇನ್‌ಸ್ಪೆಕ್ಷನ್‌ಗೆ ಇನ್ನು ಹನ್ನೆರಡು ದಿನ. ಎರಡು ಸಂದೇಹಗಳಿವೆ. ಸ್ವಿಚ್, ಪ್ಲಗ್ ಕೂರಿಸುವ ಹಳೆಯ ಲೋಹದ ಬಾಕ್ಸ್‌ಗಳು ನಾಲ್ಕಿವೆ, ಹೊಸದಾಗಿ ಹಾಕಿದವೆಲ್ಲ ಪ್ಲಾಸ್ಟಿಕ್. ಕೇಬಲನ್ನು ಬಾಕ್ಸಿಗೆ ಬಿಗಿಹಿಡಿಯುವ ಕ್ಲ್ಯಾಂಪ್ ಯಾವುದಕ್ಕೆ ಬೇಕು? ಪ್ಯಾನೆಲ್ (ಬ್ರೇಕರ್‌ಗಳ ಪೆಟ್ಟಿಗೆ) ಪಕ್ಕದ ಒಂದೇ ಸ್ಟಡ್ ಮೇಲೆ ನಾಲ್ಕು 12/2 ಕೇಬಲ್‌ಗಳು (12 ಗೇಜಿನ ಎರಡು ತಂತಿ, ಜೊತೆಗೆ ಅರ್ತ್) ಇಳಿಯುತ್ತವೆ. ಅವನ್ನು ಹೇಗೆ ಹಿಡಿಸುವುದು?

ಮಂಡ್ಯ–ಮಿಶಿಗನ್

ನಾನು 22 ಬಾಕ್ಸ್ ಹಾಕಿದ್ದೆ. ಇನ್‌ಸ್ಪೆಕ್ಟರ್ 9 ಬಾಕ್ಸ್‌ಗಳಿಗೆ ಕೆಂಪು ಚೀಟಿ ಅಂಟಿಸಿ ಹೋದರು. ಎಲ್ಲದಕ್ಕೂ ಕಾರಣ ಒಂದೇ, 8 ಅಂಗುಲ.

ಬಾಕ್ಸಿನಿಂದ 12 ಅಂಗುಲದೊಳಗೆ ಮೊದಲ ಸ್ಟೇಪಲ್ (ಕೇಬಲನ್ನು ಮರಕ್ಕೆ ಹಿಡಿಸುವ ಎರಡು ಕಾಲಿನ ಮೊಳೆ) ಎಂಬುದನ್ನು ನಾನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದೆ. ಕ್ಲ್ಯಾಂಪ್ ಇರುವ ಬಾಕ್ಸಿಗೆ ಅದು ಸರಿ. ಒಂದೇ ಸ್ವಿಚ್ಚಿನ ಪ್ಲಾಸ್ಟಿಕ್ ಬಾಕ್ಸಿನಲ್ಲಿ ಕ್ಲ್ಯಾಂಪೇ ಇರುವುದಿಲ್ಲವಲ್ಲ, ಅಲ್ಲಿ ಕೇಬಲ್ ಹಿಡಿದಿಡುವುದು ಆ ಸ್ಟೇಪಲ್ ಒಂದೇ. ಆದ್ದರಿಂದ ಅದು 8 ಅಂಗುಲದೊಳಗೆ ಇರಬೇಕು, ಹೊರಗವಚ ಕಾಲು ಅಂಗುಲವಾದರೂ ಬಾಕ್ಸಿನ ಒಳಗೆ ಬಂದಿರಬೇಕು. ನನ್ನವು ಒಂಬತ್ತೂವರೆ, ಹತ್ತು, ಒಂದು ಕಡೆ ಹನ್ನೊಂದು. ಇನ್ನೊಂದು ವಿಷಯ: ಅವರು ಟೇಪನ್ನು ನೇರವಾಗಿ ಹಿಡಿಯಲಿಲ್ಲ, ಕೇಬಲ್ ಬಾಗಿದ ದಾರಿಯಲ್ಲೇ ಹಿಡಿದರು. ನಾನು ಏಳೂವರೆ ಎಂದುಕೊಂಡಿದ್ದ ಎರಡು ಕಡೆ ಹಾಗೆ ಅಳೆದಾಗ ಎಂಟೂಮುಕ್ಕಾಲು ಬಂತು.

ಹೊಡೆದ ಸ್ಟೇಪಲ್ ಕೀಳುವುದು ಹೊಡೆದಷ್ಟು ಸುಲಭವಲ್ಲ. ಎರಡು ಕಡೆ ಕೀಳುವಾಗ ಕೇಬಲಿನ ಕವಚ ಸೀಳಿತು. ಅದಕ್ಕೆ ಟೇಪ್ ಸುತ್ತಿ ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ. ಎರಡನ್ನೂ ಪ್ಯಾನೆಲ್‌ನಿಂದ ಹೊಸದಾಗಿ ಎಳೆದೆ. ಮರುಪರಿಶೀಲನೆಗೆ 60 ಡಾಲರ್, ಎರಡು ಅರ್ಧ ದಿನಗಳ ರಜೆ, ಕೇಬಲ್‌ಗೆ 94 ಡಾಲರ್. ಡ್ರೈವಾಲ್ (ಗೋಡೆ ಮುಚ್ಚುವ ಜಿಪ್ಸಮ್ ಹಲಗೆ) ತಂಡಕ್ಕೆ ಕೊಟ್ಟ 350 ಡಾಲರ್ ಮುಂಗಡ ಹೋಯಿತು, ಅವರ ಮುಂದಿನ ಸರದಿ ಬಂದದ್ದು ಐದು ವಾರಗಳ ನಂತರ. ಮಗಳ ಹುಟ್ಟುಹಬ್ಬವನ್ನು ಬರಿಯ ಸ್ಟಡ್‌ಗಳ ನಡುವೆ ಮಾಡಿದೆವು. ಎರಡನೆಯ ಸಲ ಬಂದ ಇನ್‌ಸ್ಪೆಕ್ಟರ್ ಹತ್ತು ನಿಮಿಷದಲ್ಲಿ ಸಹಿ ಹಾಕಿದರು. ಆ ಸಹಿಯ ಫೋಟೋ ಇಂದಿಗೂ ನನ್ನ ಮೊಬೈಲಿನಲ್ಲಿದೆ.

ಮೈಸೂರು–ಆಸ್ಟಿನ್

ನೀವಾದರೂ ನಿಮ್ಮ ಕೈಯಾರೆ ಮಾಡಿ ತಪ್ಪಿದಿರಿ. ನಾವು ಹಣ ಕೊಟ್ಟು ತಪ್ಪು ಮಾಡಿಸಿಕೊಂಡೆವು.

ಟೆಕ್ಸಸ್‌ನ ನಮ್ಮ ಕಡೆ ಬೇಸ್‌ಮೆಂಟ್ ಇರುವುದೇ ಅಪರೂಪ, ಗ್ಯಾರೇಜನ್ನು ಕೋಣೆ ಮಾಡಿಸಿದೆವು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್, 4,600 ಡಾಲರ್. ಇನ್‌ಸ್ಪೆಕ್ಷನ್ ಒಂದೇ ಸಲಕ್ಕೆ ಆಯಿತು, ಗೋಡೆ ಮುಚ್ಚಿತು, ಬಣ್ಣವೂ ಆಯಿತು. ಮೂರನೆಯ ವಾರ ವ್ಯಾಕ್ಯೂಮ್ ಹಚ್ಚಿದರೆ ಎಎಫ್‌ಸಿಐ ಬ್ರೇಕರ್ (ತಂತಿಯಲ್ಲಿ ಕಿಡಿ ಕಂಡರೆ ಕರೆಂಟ್ ಕಡಿಯುವಂಥದ್ದು) ಬೀಳತೊಡಗಿತು. ದೀಪ ಮಾತ್ರ ಹಾಕಿದರೆ ಬೀಳುತ್ತಿರಲಿಲ್ಲ. ಆತ ಬಂದು ವ್ಯಾಕ್ಯೂಮ್ ಸರಿಯಿಲ್ಲ ಎಂದ. ಹೊಸ ವ್ಯಾಕ್ಯೂಮ್ ತಂದೆ. ಬ್ರೇಕರ್ ಸರಿಯಿಲ್ಲ ಎಂದ. 58 ಡಾಲರಿನಂತೆ ಎರಡು ಬ್ರೇಕರ್ ಬದಲಾಯಿತು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ಬೇರೊಬ್ಬರನ್ನು ಕರೆಸಿದೆ. ಮನೆಗೆ ಬರುವುದಕ್ಕೇ 185 ಡಾಲರ್. ಅವರು ಒಂದೊಂದೇ ಬಾಕ್ಸಿನಲ್ಲಿ ತಂತಿ ಬಿಡಿಸಿ, ಕೇಬಲನ್ನು ತುಂಡು ತುಂಡಾಗಿ ಪರೀಕ್ಷಿಸಿ, ಗೋಡೆಯನ್ನು ಮೂರು ಕಡೆ ಕತ್ತರಿಸಿದರು. ಮೂರನೆಯ ಕಿಂಡಿಯಲ್ಲಿ ಸಿಕ್ಕಿತು. ಸ್ಟೇಪಲ್ ಪೂರ್ತಿ ಒಳಗೆ ಇಳಿಯುವವರೆಗೆ ಸುತ್ತಿಗೆಯಲ್ಲಿ ಬಡಿದಿದ್ದ. ಮೇಲಿನ ಪ್ಲಾಸ್ಟಿಕ್ ಒಡೆದು, ಕಬ್ಬಿಣ ಕವಚದೊಳಗೆ ಹೋಗಿ, ನ್ಯೂಟ್ರಲ್ ತಂತಿ ಬರಿಯ ಅರ್ತ್ ತಂತಿಗೆ ತಾಗಿತ್ತು. ಹೊರೆ ಬಿದ್ದೊಡನೆ ಕರೆಂಟಿನ ಒಂದು ಪಾಲು ಅರ್ತ್‌ನಲ್ಲಿ ಹಿಂದಿರುಗುತ್ತಿತ್ತು, ಬ್ರೇಕರ್ ಅದನ್ನು ಕಂಡು ಬೀಳುತ್ತಿತ್ತು. ಬ್ರೇಕರ್ ತನ್ನ ಕೆಲಸ ಮಾಡುತ್ತಲೇ ಇತ್ತು, ನಾವು ಅದನ್ನೇ ದೂರುತ್ತಿದ್ದೆವು.

ಗೋಡೆ ಮತ್ತೆ ಮುಚ್ಚಲು 900 ಡಾಲರ್. ಗೋಡೆಯ ತರಿತರಿ ಮೇಲ್ಮೈ ಇಂದಿಗೂ ಹೊಂದಿಲ್ಲ, ಸಂಜೆಯ ಬೆಳಕಿನಲ್ಲಿ ಮೂರು ಚೌಕಗಳೂ ಕಾಣುತ್ತವೆ. ನೀವೇ ಮಾಡಿ ಎಡಿಸನ್ ಅವರೇ. ನಿಮ್ಮ ಮನೆಯ ಮೇಲೆ ನಿಮಗಿರುವ ಕಾಳಜಿ ಬಾಡಿಗೆಯ ಕೈಗೆ ಇರುವುದಿಲ್ಲ.

ಶಿರಸಿ–ನೇಪರ್‌ವಿಲ್

ಶಿಕಾಗೊ ಮತ್ತು ಸುತ್ತಲಿನ ನಮ್ಮಂಥ ಊರುಗಳಲ್ಲಿ ಈ ಗೋಳೇ ಇಲ್ಲ. ಇಲ್ಲಿ ಮನೆಗಳಿಗೂ ಲೋಹದ ಕೊಳವೆ, ಅಂದರೆ ಇಎಂಟಿ. ಬಾಕ್ಸಿನಿಂದ 3 ಅಡಿಯೊಳಗೆ ಒಂದು ಸ್ಟ್ರ್ಯಾಪ್, ಆಮೇಲೆ 10 ಅಡಿಗೊಂದು, ಅಷ್ಟೇ. ಮೊಳೆ ಹೊಡೆದರೂ ತಂತಿಗೆ ತಾಗುವುದಿಲ್ಲ, ಇಲಿ ಕಚ್ಚುವುದಿಲ್ಲ, ಹತ್ತು ವರ್ಷದ ನಂತರ ಹೊಸ ತಂತಿ ಬೇಕೆಂದರೆ ಅದೇ ಕೊಳವೆಯಲ್ಲಿ ಎಳೆಯಬಹುದು. ಕೊಳವೆ ಬಗ್ಗಿಸುವುದನ್ನು ಕಲಿಯಲು ನನಗೆ ನಾಲ್ಕು ವಾರಾಂತ್ಯ ಹಿಡಿಯಿತು, ಹದಿನೇಳು ಕೊಳವೆ ಹಾಳಾದವು. ಹದಿನೆಂಟನೆಯದನ್ನು ಗೋಡೆಗೆ ಹಿಡಿದಾಗ ಕಾಗದ ಮಡಿಸಿದಂತೆ ಕೂತಿತು. ಒಂದು ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ನಂಬಿ ಮರದ ಮನೆಯಲ್ಲಿ ಮಕ್ಕಳನ್ನು ಮಲಗಿಸುವ ಧೈರ್ಯ ನನಗಂತೂ ಇಲ್ಲ.

ಮಂಡ್ಯ–ಮಿಶಿಗನ್

ಶಿರಸಿಯವರೇ, ಅವರು ಕೇಳಿದ್ದು ನ್ಯೂಜೆರ್ಸಿಯ ರೋಮೆಕ್ಸ್ ಬಗ್ಗೆ, ಅಂದರೆ ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಬಗ್ಗೆ. ಕೇಬಲ್ ಎಳೆದಾಗಿದೆ ಎಂದು ಬರೆದಿದ್ದಾರೆ. ಈಗ ಎಲ್ಲ ಕಿತ್ತು ಕೊಳವೆ ಹಾಕಬೇಕೇ? ಈ ದೇಶದ ಬಹುಪಾಲು ಮನೆಗಳಲ್ಲಿ ಇರುವುದು ಇದೇ ಕೇಬಲ್. ಸರಿಯಾಗಿ ಹಿಡಿಸಿದರೆ ಅದಕ್ಕೇನೂ ಆಗುವುದಿಲ್ಲ. ಮಕ್ಕಳನ್ನು ಮಲಗಿಸುವ ಮಾತು ಆಡಿ ಹೆದರಿಸಬೇಡಿ.

ಆಸ್ಟಿನ್ ಅವರೇ, ನಿಮಗೆ ಒಬ್ಬ ಕೆಟ್ಟ ಕೆಲಸಗಾರ ಸಿಕ್ಕಿದನೆಂದು ಎಲ್ಲ ಎಲೆಕ್ಟ್ರಿಷಿಯನ್‌ಗಳನ್ನೂ ಬಾಡಿಗೆಯ ಕೈ ಎನ್ನುವುದು ಸರಿಯಲ್ಲ.

ಮೈಸೂರು–ಆಸ್ಟಿನ್

ನನ್ನ ಗೋಡೆಯ ಮೂರು ಚೌಕಗಳನ್ನು ನೀವು ಬಂದು ನೋಡಿದರೆ ಏನು ಸರಿ, ಏನು ಸರಿಯಲ್ಲ ಎಂದು ಆಗ ಮಾತನಾಡೋಣ. ವ್ಯಾಕ್ಯೂಮ್ ಸರಿಯಿಲ್ಲ ಎಂದು ಆತ ನನ್ನ ಮುಖ ನೋಡಿ ಹೇಳಿದ. ಅದೇ ಮಾತನ್ನು ನನ್ನ ಗಂಡನಿಗೆ ಹೇಳುತ್ತಿದ್ದನೇ? ಆ ಸಿಟ್ಟು ಇನ್ನೂ ಆರಿಲ್ಲ.

ಬೆಳಗಾವಿ–ಮಿಸ್ಸಿಸ್ಸಾಗಾ

ಆಂಟೇರಿಯೊದಲ್ಲಿ ನಾನು ಇದೇ ಕೆಲಸ ಮಾಡಿ ಒಂದೇ ಸಲಕ್ಕೆ ಪಾಸಾದೆ, ನಡುಮಹಡಿಗೆ 31 ಬಾಕ್ಸ್. ನಮ್ಮಲ್ಲಿ ಬಾಕ್ಸಿನಿಂದ 300 ಮಿಲಿಮೀಟರ್, ಆಮೇಲೆ ಒಂದೂವರೆ ಮೀಟರಿಗೊಂದು. ಇಷ್ಟು ನೆನಪಿಟ್ಟರೆ ಸಾಕು. ಚಪ್ಪಟೆ ಕೇಬಲನ್ನು ಬದಿಯ ಮೇಲೆ ನಿಲ್ಲಿಸಿ ಸ್ಟೇಪಲ್ ಹೊಡೆಯಬಾರದು, ಮಲಗಿಸಿಯೇ ಹೊಡೆಯಬೇಕು. ನನ್ನ ಭಾವ ಹಾಗೆ ನಿಲ್ಲಿಸಿ ಹೊಡೆದ ಏಳನ್ನು ರಾತ್ರಿ ಒಂದು ಗಂಟೆಯವರೆಗೆ ಕೂತು ಕಿತ್ತೆ. ಭಾವನೊಂದಿಗೆ ಎರಡು ತಿಂಗಳು ಮಾತಿರಲಿಲ್ಲ. ಅಡಿ, ಅಂಗುಲ, ಕಾಲು, ಮುಕ್ಕಾಲು ಎಂದು ಲೆಕ್ಕ ಹಾಕುವುದರಲ್ಲೇ ನೀವು ದಣಿಯುತ್ತೀರಿ.

ಮಂಡ್ಯ–ಮಿಶಿಗನ್

ಒಂದೂವರೆ ಮೀಟರ್ ಎಂದರೆ 59 ಅಂಗುಲ. ಇಲ್ಲಿಯ ಕೋಡ್ ಹೇಳುವುದು ನಾಲ್ಕೂವರೆ ಅಡಿ, ಅಂದರೆ 54 ಅಂಗುಲ. ನಿಮ್ಮ ಮಾತು ನಂಬಿ ಹೊಡೆದರೆ ಪ್ರತಿ ಅಂತರದಲ್ಲೂ ಐದು ಅಂಗುಲ ಹೆಚ್ಚಾಗಿ ಅವರ ಕೆಲಸ ಬಿದ್ದುಹೋಗುತ್ತದೆ. ಗಡಿಯ ಆಚೆಯ ಕೆನಡಾ ನಿಯಮವನ್ನು ಈಚೆಯವರಿಗೆ ಹೇಳುವಾಗ ಒಂದು ಸಲ ಯೋಚಿಸಿ.

ಬೆಳಗಾವಿ–ಮಿಸ್ಸಿಸ್ಸಾಗಾ

ಆಂಟೇರಿಯೊ ಎಂದು ಮೊದಲ ಪದದಲ್ಲೇ ಬರೆದಿದ್ದೇನೆ. ಓದಿ ಬೈಯಿರಿ. ಒಂಬತ್ತು ಚೀಟಿ ಬಿದ್ದವರು ಒಂದೂ ಬೀಳದವನಿಗೆ ಪಾಠ ಹೇಳುತ್ತಿದ್ದೀರಿ.

ಶಿರಸಿ–ನೇಪರ್‌ವಿಲ್

ಇಬ್ಬರೂ ಅಂಗುಲಕ್ಕೆ ಜಗಳವಾಡುತ್ತಿದ್ದೀರಿ. ನಾನು ಕೇಳುವುದು ಬೇರೆ: ಸಾಫ್ಟ್‌ವೇರಿನಲ್ಲಿ ದುಡಿಯುವವರು ಶನಿವಾರ ಭಾನುವಾರ ಏಣಿಯ ಮೇಲೆ ಕಳೆದು ಉಳಿಸುವುದು ಎಷ್ಟು? ನಾನು ಮಾಡಿದ್ದು ಕಲಿಯುವ ಆಸೆಗೆ. ಹಣ ಉಳಿಸಲೆಂದೇ ಮಾಡುವುದಾದರೆ ಓದಿದವರಿಗೆ ತಕ್ಕ ಕೆಲಸ ಇದಲ್ಲ.

ಹಾಸನದ ವೈರ್‌ಮನ್

ಈ ಮಾತಿಗೆ ಸುಮ್ಮನಿರಲಾರೆ. ನಾನು ಐಟಿಐ ಓದಿ, ವೈರ್‌ಮನ್ ಪರ್ಮಿಟ್ ಪಡೆದು, ಹಾಸನ ಜಿಲ್ಲೆಯಲ್ಲಿ ಮೂವತ್ತೊಂದು ವರ್ಷ ಮನೆ ವೈರಿಂಗ್ ಮಾಡಿದವನು. ಈಗ ಓಹಾಯೊದಲ್ಲಿ ಮಗನ ಮನೆಯಲ್ಲಿದ್ದೇನೆ. ಅವನನ್ನು ಎಂಜಿನಿಯರ್ ಮಾಡಿದ್ದು ಈ ಕೈ.

ನಾನು ಕೆಲಸ ಕಲಿತ ಕಾಲದಲ್ಲಿ ತೇಗದ ಪಟ್ಟಿಯ ಮೇಲೆ ವೈರಿಂಗ್. ಗೋಡೆಗೆ ಪಟ್ಟಿ ಕೂರಿಸಿ, ಅದರ ಮೇಲೆ ಸಣ್ಣ ಮೊಳೆಗಳಿಂದ ಲಿಂಕ್ ಕ್ಲಿಪ್ ಹೊಡೆದು, ವೈರ್ ಮಲಗಿಸಿ, ಕ್ಲಿಪ್ಪನ್ನು ಮಡಿಸಬೇಕು. ಅಡ್ಡಕ್ಕೆ ಹತ್ತು ಸೆಂಟಿಮೀಟರಿಗೊಂದು, ಲಂಬಕ್ಕೆ ಹದಿನೈದಕ್ಕೊಂದು. ಒಂದು ಮನೆಗೆ ಸಾವಿರಗಟ್ಟಲೆ ಕ್ಲಿಪ್. ನನ್ನ ಗುರುಗಳು ಪಟ್ಟಿಯ ಮೇಲೆ ಉಗುರಿನಿಂದ ಎಳೆದು ನೋಡುತ್ತಿದ್ದರು. ಎಲ್ಲಿಯಾದರೂ ಮೊಳೆಯ ತಲೆ ಎದ್ದಿದ್ದರೆ ಆ ಸಾಲು ಪೂರ್ತಿ ಕೀಳಿಸುತ್ತಿದ್ದರು. ವೈರ್ ಅಲುಗಾಡಬಾರದು, ಅಪ್ಪಚ್ಚಿಯೂ ಆಗಬಾರದು. ಮಗನ ಮನೆಯಲ್ಲಿ ಸ್ಟೇಪಲ್ ಹೊಡೆಯುವಾಗಲೂ ಅದನ್ನೇ ನೋಡಿದೆ. ಪ್ಲಾಸ್ಟಿಕ್ ಕೇಬಲನ್ನು ಮುಟ್ಟಿದೊಡನೆ ಸುತ್ತಿಗೆ ನಿಲ್ಲಬೇಕು. ಹೊಡೆದ ಮೇಲೆ ಕೇಬಲನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಸ್ವಲ್ಪ ಜಾರಬೇಕು. ಆಸ್ಟಿನ್‌ನ ತಂಗಿಯ ಮನೆಯಲ್ಲಿ ಆ ಮನುಷ್ಯ ನಾಲ್ಕು ಏಟು ಹೆಚ್ಚು ಹೊಡೆದ, ಅಷ್ಟೇ ಆದದ್ದು. ಅವನ ತಪ್ಪು ಏಟಿಗಿಂತ ಆಮೇಲಿನ ಸುಳ್ಳಿನಲ್ಲಿ ದೊಡ್ಡದು.

ಗೋಡೆ ಮುಚ್ಚುವ ಮೊದಲು ಮೆಗ್ಗರ್ (ತಂತಿಯ ಕವಚ ಸರಿಯಿದೆಯೇ ಎಂದು ಅಳೆಯುವ ಮೀಟರ್) ಹಚ್ಚಿ ನೋಡಿ. ಬ್ರೇಕರ್, ದೀಪ, ಉಪಕರಣ ಎಲ್ಲ ಬಿಡಿಸಿ 500 ವೋಲ್ಟಿನಲ್ಲಿ ಪರೀಕ್ಷಿಸಬೇಕು. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ವೈರಿನ ಮೇಲೆ ನಾನು ಎಂದೂ ಗಾರೆ ಹಾಕಲು ಬಿಟ್ಟವನಲ್ಲ.

ಶಿರಸಿಯ ತಮ್ಮಾ, ಹದಿನೇಳು ಕೊಳವೆ ಹಾಳುಮಾಡಿ ಕಲಿತವನು ನೀನು. ಆ ಕೆಲಸಕ್ಕೆ ಎಷ್ಟು ಬುದ್ಧಿ ಬೇಕೆಂದು ನಿನಗೆ ಗೊತ್ತು. ಓದಿದವರಿಗೆ ತಕ್ಕದ್ದಲ್ಲ ಎಂದು ಹೇಗೆ ಬರೆದೆ?

ಶಿರಸಿ–ನೇಪರ್‌ವಿಲ್

ಹಿರಿಯರೇ, ನಿಮ್ಮನ್ನು ನೋಯಿಸಬೇಕೆಂದು ಬರೆದದ್ದಲ್ಲ. ಆ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕೊಳವೆಯ ಬಗ್ಗೆ ಬರೆದದ್ದನ್ನು ತೆಗೆದುಕೊಳ್ಳುವುದಿಲ್ಲ.

ಮೈಸೂರು–ಆಸ್ಟಿನ್

ಮೆಗ್ಗರ್ ವಿಷಯ ನಮಗೆ ಎರಡು ವರ್ಷ ಮೊದಲೇ ಯಾರಾದರೂ ಹೇಳಿದ್ದರೆ! ಅಷ್ಟು ಹಣ ತೆಗೆದುಕೊಂಡವನು ಒಂದು ಮೀಟರ್ ಹಚ್ಚಿ ನೋಡಲಿಲ್ಲ.

ಎಡಿಸನ್ ಹೊಸಮನೆ

ಎಲ್ಲರಿಗೂ ವಂದನೆ. ಇಂದು ಸಂಜೆ 8 ಅಂಗುಲದ ಒಂದು ದಾರ ಕತ್ತರಿಸಿಕೊಂಡು ಒಂದೊಂದು ಬಾಕ್ಸಿಗೂ ಹಿಡಿದು ನೋಡಿದೆ. ಆರು ಕಡೆ ತಪ್ಪಿದೆ, ಸರಿಪಡಿಸುತ್ತಿದ್ದೇನೆ. ಲೋಹದ ಬಾಕ್ಸ್ ಮತ್ತು ಆ ನಾಲ್ಕು ಕೇಬಲ್‌ಗಳ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಮಂಡ್ಯ–ಮಿಶಿಗನ್

ಲೋಹದ ಬಾಕ್ಸಿಗೆ ಕ್ಲ್ಯಾಂಪ್ ಬೇಕೇ ಬೇಕು. ನಾಕ್‌ಔಟ್ (ಕೇಬಲ್ ಹೋಗಲು ತಟ್ಟಿ ತೆಗೆಯುವ ಬಿಲ್ಲೆ) ತೆಗೆದ ತೂತಿನ ಅಂಚು ಬ್ಲೇಡಿನಂತಿರುತ್ತದೆ. ಬಾಕ್ಸಿನ ಒಳಗೇ ಕ್ಲ್ಯಾಂಪ್ ಇದ್ದರೆ ಸರಿ, ಇಲ್ಲದಿದ್ದರೆ ಕನೆಕ್ಟರ್ ತಂದು ಒಳಗಿನಿಂದ ಲಾಕ್‌ನಟ್ ಬಿಗಿಯಿರಿ. ಅದರ ಎರಡು ಸ್ಕ್ರೂಗಳನ್ನು ಕೇಬಲ್ ಜಾರದಷ್ಟು ಮಾತ್ರ ತಿರುಗಿಸಿ. ಒಂದು ಕನೆಕ್ಟರಿನಲ್ಲಿ ಎರಡು ಕೇಬಲ್ ತೂರಿಸುವ ಮೊದಲು ಅದರ ಪೊಟ್ಟಣದ ಮೇಲೆ ಎಷ್ಟಕ್ಕೆ ಒಪ್ಪಿಗೆ ಇದೆ ಎಂದು ಓದಿ. ನಾನು ಓದದೆ ಹಾಕಿದ ಎರಡನ್ನು ಬದಲಿಸಬೇಕಾಯಿತು, ತಲಾ 3 ಡಾಲರ್, ಅಂಗಡಿಗೆ ಹೋಗಿ ಬರಲು 40 ನಿಮಿಷ.

ನಾಲ್ಕು ಕೇಬಲ್‌ಗೆ ಸ್ಟ್ಯಾಕರ್ (ಹಲವು ಕೇಬಲ್ ಹಿಡಿಯುವ ಸಂದಿಗಳಿರುವ ಹಿಡಿಕೆ) ತನ್ನಿ. ಲೆಕ್ಕ ನೋಡಿ: 2×4 ಎಂದು ಕರೆದರೂ ಸ್ಟಡ್‌ನ ಅಗಲ ಮೂರೂವರೆ ಅಂಗುಲ. ಗೋಡೆಯ ಮೊಳೆ ತಾಗದಂತೆ ಎರಡೂ ಅಂಚಿನಿಂದ ಒಂದೂಕಾಲು ಅಂಗುಲ ಬಿಟ್ಟರೆ ನಡುವೆ ಉಳಿಯುವುದು ಒಂದೇ ಅಂಗುಲ. ನಾಲ್ಕು ಕೇಬಲ್ ಅಲ್ಲಿ ಪಕ್ಕಪಕ್ಕಕ್ಕೆ ಹಿಡಿಯುವುದಿಲ್ಲ, ಒಂದರ ಮೇಲೊಂದು ಹೇರಿ ಒಂದೇ ಸ್ಟೇಪಲ್ ಹೊಡೆಯಲು ಬಿಡುವುದಿಲ್ಲ. ಸ್ಟ್ಯಾಕರನ್ನು ನಡುವೆ ಒಂದು ಮೊಳೆಯಿಂದ ಕೂರಿಸಿ, ಕೇಬಲ್‌ಗಳನ್ನು ಅದರ ಬೇರೆ ಬೇರೆ ಸಂದಿಗೆ ಒತ್ತಿದರಾಯಿತು. ಮೇಲೆ ನಾಲ್ಕನ್ನೂ ಒಂದೇ ತೂತಿನಲ್ಲಿ ತೂರಿಸಿ ಫೋಮ್ ತುಂಬಬೇಡಿ. ಎರಡಕ್ಕಿಂತ ಹೆಚ್ಚು ಕೇಬಲ್ ಹಾಗೆ ಹೋದರೆ ಬಿಸಿ ಹೊರಹೋಗಲು ದಾರಿಯಿಲ್ಲದೆ ಅವು ಹೊರುವ ಆಂಪಿಯರ್ ಇಳಿಸಿ ಲೆಕ್ಕ ಹಾಕಬೇಕಾಗುತ್ತದೆ. ಎರಡು ತೂತು ಕೊರೆಯಿರಿ.

ಬೆಳಗಾವಿ–ಮಿಸ್ಸಿಸ್ಸಾಗಾ

ಇದನ್ನು ಮೊದಲ ಉತ್ತರದಲ್ಲೇ ಬರೆಯಬಹುದಿತ್ತು. ಹುಟ್ಟುಹಬ್ಬದ ಕಥೆ ಆಮೇಲೆ ಹೇಳಬಹುದಿತ್ತು.

ಮಂಡ್ಯ–ಮಿಶಿಗನ್

ನಿಮ್ಮ ಭಾವನ ಕಥೆಯನ್ನೂ.

ಹಾಸನದ ವೈರ್‌ಮನ್

ಎಡಿಸನ್ ತಮ್ಮಾ, ಆ ಆರು ಸ್ಟೇಪಲ್ ಕೀಳುವಾಗ ಸ್ಕ್ರೂಡ್ರೈವರ್ ಹಾಕಿ ಮೀಟಬೇಡ. ಕತ್ತರಿ ಪ್ಲಾಯರ್‌ನಿಂದ ಸ್ಟೇಪಲಿನ ಒಂದು ಕಾಲು ಕತ್ತರಿಸಿ ಇನ್ನೊಂದನ್ನು ಎಳೆ. ಕೇಬಲಿಗೆ ಗೀರು ಬೀಳುವುದಿಲ್ಲ.