ಭಾನುವಾರ ದಾವಣಗೆರೆಯಲ್ಲಿ ಗೆಳೆಯರ ಜೊತೆ ಏನು ಮಾಡಬಹುದು? ನಿಮ್ಮ ಅನುಭವ ಹೇಳಿ

ಹುಬ್ಬಳ್ಳಿಯಿಂದ ಇಬ್ಬರು, ಬೆಂಗಳೂರಿಂದ ಇಬ್ಬರು. ಕಾಲೇಜು ಗೆಳೆಯರು, ನಡುವೆ ದಾವಣಗೆರೆಯಲ್ಲಿ ಸೇರುತ್ತಿದ್ದೇವೆ. ಬೆಳಿಗ್ಗೆಯಿಂದ ಸಂಜೆವರೆಗೆ ಟೈಮ್ ಇದೆ, ಜಾಸ್ತಿ ಓಡಾಟ ಬೇಡ. ಚಿತ್ರದುರ್ಗದ ಕೋಟೆಯನ್ನೂ ಸೇರಿಸಬಹುದಾ?

– ಕೋಟೆ ಬಿಟ್ಟುಬಿಡಿ. ಹೈವೇ ಚೆನ್ನಾಗಿದೆ, ಅರವತ್ತು ಕಿಲೋಮೀಟರ್ ಅಷ್ಟೇ ಅಂತ ನಾವೂ ಹೊರಟಿದ್ದೆವು. ಅದೂ ದೋಸೆ ತಿಂದು, ಏಪ್ರಿಲ್‌ನಲ್ಲಿ! ಓಬವ್ವನ ಕಿಂಡಿ ಮುಟ್ಟುವಷ್ಟರಲ್ಲಿ ಒಬ್ಬ ಬಂಡೆ ನೆರಳಲ್ಲಿ ಕೂತವನು ಏಳಲೇ ಇಲ್ಲ. ಏಳು ಸುತ್ತಿನ ಕೋಟೆಗೆ ಬೇರೆ ದಿನ ಇಟ್ಟುಕೊಳ್ಳಿ.

– ಬೆಣ್ಣೆ ದೋಸೆಗೆ ಒಂಬತ್ತರೊಳಗೆ ಹೋಗಿ. ಆಮೇಲೆ ಹೋದರೆ ತಿನ್ನುವವರ ಬೆನ್ನ ಹಿಂದೆ ನಿಂತು ಕಾಯಬೇಕು. ನಾನು ಮಾಡುವ ಕೆಲಸ ಏನಂದರೆ ಒಲೆ ಕಾಣುವ ಕಡೆ ಕೂರೋದು. ಕೆಳಗೆ ಸೌದೆ ಉರಿ, ಕಾದ ಹೆಂಚಿಗೆ ನೀರು ಚಿಮುಕಿಸಿದರೆ ಚುಂಯ್ ಅನ್ನುತ್ತದೆ, ಹಿಟ್ಟು ಹುಯ್ದು ಮೇಲೆ ಬೆಣ್ಣೆ ಹಾಕುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಪಲ್ಯ ಬೆಳ್ಳಗಿರುತ್ತದೆ, ಅರಿಶಿನ ಹುಡುಕಬೇಡಿ. ಒಂದೊಂದೇ ಹೇಳಿ. ಒಟ್ಟಿಗೆ ತರಿಸಿದರೆ ಮಾತಾಡ್ತಾ ಕೂತು ಎರಡನೆಯದು ಆರಿಹೋಗುತ್ತದೆ.

– ದೋಸೆ ಆದಮೇಲೆ ಹರಿಹರ. ಹದಿನೈದು ಕಿಲೋಮೀಟರ್ ಕೂಡ ಇಲ್ಲ. ಹರಿಹರೇಶ್ವರ ದೇವಸ್ಥಾನ ಹೊಯ್ಸಳರ ಕಾಲದ್ದು, 1224ರಲ್ಲಿ ಪೋಲಾಳ್ವ ಅನ್ನುವ ದಂಡನಾಯಕ ಕಟ್ಟಿಸಿದ್ದು. ಒಂದೇ ಮೂರ್ತಿಯಲ್ಲಿ ಬಲಗಡೆ ಶಿವ, ಎಡಗಡೆ ವಿಷ್ಣು. ಆದರೆ ನಮಗೆ ಹಿಡಿಸಿದ್ದು ಮಂಟಪದ ತಣ್ಣನೆ ಕಲ್ಲು. ಕಡೆದ ಕಂಬಕ್ಕೆ ಒರಗಿ ಒಂದು ಗಂಟೆ ಸುಮ್ನೆ ಹರಟೆ ಹೊಡೆದೆವು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೇಗ ಹೋಗಿ.

– ಗಾಜಿನ ಮನೆ ಯಾರೂ ಹೇಳಲಿಲ್ಲ? ಕುಂದವಾಡ ಕೆರೆ ಪಕ್ಕದಲ್ಲೇ ಇದೆ.

– ಇದೆ, ಆದರೆ ಮಧ್ಯಾಹ್ನ ಬೇಡ ಮಾರಾಯ್ರೇ, ಬೆಂದುಹೋಗ್ತೀರಿ. ಐದರ ಮೇಲೆ ಹೋಗಿ, ಫೋಟೋ ಮುಗಿಸಿ ಕೆರೆ ಏರಿ ಮೇಲೆ ನಡೆಯಿರಿ. ಭದ್ರಾ ನಾಲೆ ನೀರು ತುಂಬಿದ್ದರೆ ಗಾಳಿ ತಂಪಾಗಿರುತ್ತದೆ. ಬರುವಾಗ ಮಂಡಕ್ಕಿ ಮೆಣಸಿನಕಾಯಿ ಮರೆಯಬೇಡಿ. ನರ್ಗಿಸ್ ಮಂಡಕ್ಕಿ ಅಂತ ಕೇಳಿ, ಮೆಣಸಿನಕಾಯಿ ಬಾಣಲೆಯಿಂದ ಆಗಷ್ಟೇ ತೆಗೆದದ್ದಿರಲಿ.

– ಎಲ್ಲರಿಗೂ ಥ್ಯಾಂಕ್ಸ್. ಕೋಟೆ ಕ್ಯಾನ್ಸಲ್. ಹುಬ್ಬಳ್ಳಿಯವನು ಮಾತ್ರ ಮಿರ್ಚಿ ನಮ್ಮೂರಿಂದಲೇ ತರ್ತೀನಿ ಅಂತ ಹಟ ಹಿಡಿದಿದ್ದಾನೆ.

– ತರಲಿ ಬಿಡಿ. ಮಂಡಕ್ಕಿ ಮಾತ್ರ ಇಲ್ಲಿಯದೇ ಆಗಿರಲಿ.